ಸಿಲಬಸ್‌ಗೆ ಕೋಡಿಂಗ್ ಬಂತು ಸರಿ, ಹೊರಗೆ ಹೋಗಿದ್ದೇನು?

ಯಾವ ದೇಶದ ಶಿಕ್ಷಣ ಮಂತ್ರಿನೇ ಆಗ್ಲಿ, ಕೈಗೆ ಮೈಕ್ ಸಿಕ್ರೆ ಈಗ ಹೇಳೋದು ಹೆಚ್ಚುಕಮ್ಮಿ ಒಂದೇ ಮಾತು, ಮುಂದಿನ ವರ್ಷದಿಂದ ನಮ್ಮ ಶಾಲೆಗಳಲ್ಲಿ ಕೋಡಿಂಗ್ ಬರುತ್ತೆ, ಎಐ ಬರುತ್ತೆ, ಡಿಜಿಟಲ್ ಸಾಕ್ಷರತೆ ಬರುತ್ತೆ ಅಂತ. ಕೇಳೋಕೆ ಚೆನ್ನಾಗೇ ಇರುತ್ತೆ. ಆದ್ರೆ ಶಾಲೆಯ ಒಂದು ದಿನಕ್ಕೆ ಇರೋ ಪೀರಿಯಡ್‌ಗಳು ಅಷ್ಟೇ, ವರ್ಷಕ್ಕೆ ಇರೋ ವಾರಗಳೂ ಅಷ್ಟೇ, ಅವು ಮಂತ್ರಿ ಹೇಳಿದ್ರು ಅಂತ ಉದ್ದ ಆಗಲ್ಲ. ಹೊಸದು ಒಂದು ಒಳಗೆ ಬಂತು ಅಂದ್ರೆ ಹಳೇದು ಯಾವುದೋ ಒಂದು ಜಾಗ ಬಿಟ್ಟುಕೊಟ್ಟಿರಲೇಬೇಕು, ಇಲ್ಲಾ ಎಲ್ಲ ವಿಷಯಗಳೂ ಸ್ವಲ್ಪ ಸ್ವಲ್ಪ ತೆಳ್ಳಗಾಗಿರಬೇಕು. ಅದನ್ನ ಮಾತ್ರ ಯಾರೂ ಮೈಕಲ್ಲಿ ಹೇಳಲ್ಲ. ನನ್ನ ತಕರಾರು ಇಷ್ಟೇ, ಡಿಜಿಟಲ್ ಕಾಲದ ಪಠ್ಯಕ್ರಮದ ಬಗ್ಗೆ ಮಾತಾಡೋರೆಲ್ಲ ಏನು ಸೇರಿಸಿದ್ರು ಅಂತಾನೇ ನೋಡ್ತಾರೆ, ಏನು ತೆಗೆದ್ರು ಅಂತ ನೋಡೋರು ತುಂಬಾ ಕಮ್ಮಿ, ಮಕ್ಕಳ ಮೇಲೆ ಹೆಚ್ಚು ಪರಿಣಾಮ ಆಗೋದು ಆ ಎರಡನೇದ್ರಿಂದ.

ಮೊದಲು ಒಂದು ಮೂಲ ಸಮಸ್ಯೆ ಹೇಳಿಬಿಡ್ತೀನಿ. ಪಠ್ಯಕ್ರಮ ಅನ್ನೋದು ತುಂಬಾ ನಿಧಾನವಾಗಿ ಬದಲಾಗೋ ವಸ್ತು. ಜಪಾನ್ ತನ್ನ ರಾಷ್ಟ್ರೀಯ ಪಠ್ಯಕ್ರಮವನ್ನ ಸುಮಾರು 10 ವರ್ಷಕ್ಕೊಮ್ಮೆ ಪರಿಷ್ಕರಿಸುತ್ತೆ, ಬೇರೆ ಎಷ್ಟೋ ಕಡೆ ಅದಕ್ಕಿಂತ್ಲೂ ನಿಧಾನ. ಸಮಿತಿ ಕೂರಬೇಕು, ಕರಡು ಬರಬೇಕು, ಆಕ್ಷೇಪಣೆ ಕೇಳಬೇಕು, ಪುಸ್ತಕ ಬರೀಬೇಕು, ಪ್ರಿಂಟ್ ಆಗಬೇಕು, ಟೀಚರ್‌ಗಳಿಗೆ ಟ್ರೈನಿಂಗ್ ಕೊಡಬೇಕು. ಇನ್ನೊಂದು ಕಡೆ ಯುನೆಸ್ಕೋದ 2023ರ ಜಾಗತಿಕ ಶಿಕ್ಷಣ ವರದಿ ಹೇಳೋ ಪ್ರಕಾರ ಶಿಕ್ಷಣಕ್ಕೆ ಅಂತ ಬರೋ ಟೆಕ್ ಪ್ರಾಡಕ್ಟ್‌ಗಳು ಸರಾಸರಿ 36 ತಿಂಗಳಿಗೊಮ್ಮೆ ಬದಲಾಗ್ತವೆ. ಈ ಎರಡು ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿ, ಒಂದು ಸಾಫ್ಟ್‌ವೇರ್ ನೋಡಿ ಪಾಠ ಬರೆದ್ರೆ ಆ ಪಾಠ ಕ್ಲಾಸಿಗೆ ಬರೋ ಹೊತ್ತಿಗೆ ಆ ಸಾಫ್ಟ್‌ವೇರೇ ಹಳೇದಾಗಿರುತ್ತೆ ಅನ್ನೋದು ಅರ್ಥ ಆಗುತ್ತೆ. ಇದನ್ನ ಚೆನ್ನಾಗಿ ಅನುಭವಿಸಿದ ದೇಶ ಇಂಗ್ಲೆಂಡ್, ಅದಕ್ಕೆ ಆ ಕಥೆನ ಸ್ವಲ್ಪ ವಿವರವಾಗೇ ನೋಡೋಣ.

1980ರ ದಶಕದಲ್ಲಿ ಅಲ್ಲಿನ ಶಾಲೆಗಳಿಗೆ ಬಿಬಿಸಿ ಮೈಕ್ರೋ ಅನ್ನೋ ಕಂಪ್ಯೂಟರ್ ಬಂದಿತ್ತು. ಅದನ್ನ ಆನ್ ಮಾಡಿದ್ರೆ ನೇರ ಬೇಸಿಕ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಪ್ರಾಂಪ್ಟ್ ಬರ್ತಿತ್ತು, ಏನಾದ್ರೂ ಟೈಪ್ ಮಾಡದೇ ಅದು ಏನೂ ಮಾಡ್ತಿರಲಿಲ್ಲ, ಹಾಗಾಗಿ ಆ ಕಾಲದ ಮಕ್ಕಳು ಬೇಕೋ ಬೇಡ್ವೋ ಒಂದಿಷ್ಟು ಪ್ರೋಗ್ರಾಮಿಂಗ್ ಕಲಿತ್ರು. ಆಮೇಲೆ ಆಫೀಸ್ ಸಾಫ್ಟ್‌ವೇರ್‌ಗಳ ಕಾಲ ಬಂತು, ವಿಷಯದ ಹೆಸರು ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಅಂತಾಯ್ತು, ಕ್ಲಾಸಲ್ಲಿ ವರ್ಡಲ್ಲಿ ಲೆಟರ್ ಟೈಪ್ ಮಾಡೋದು, ಎಕ್ಸೆಲ್‌ನಲ್ಲಿ ಟೇಬಲ್ ಹಾಕೋದು, ಪವರ್‌ಪಾಯಿಂಟಲ್ಲಿ ಸ್ಲೈಡ್ ಮಾಡೋದು ಇದೇ ಪಾಠ ಆಗೋಯ್ತು. 2011ರಲ್ಲಿ ಗೂಗಲ್‌ನ ಎರಿಕ್ ಸ್ಮಿತ್ ಎಡಿನ್‌ಬರಾದಲ್ಲಿ ಭಾಷಣ ಮಾಡ್ತಾ ನಿಮ್ಮ ಶಾಲೆಗಳು ಸಾಫ್ಟ್‌ವೇರ್ ಬಳಸೋದನ್ನ ಕಲಿಸ್ತಾವೆ, ಅದನ್ನ ತಯಾರು ಮಾಡೋದು ಹೇಗೆ ಅಂತ ಕಲಿಸಲ್ಲ ಅನ್ನೋ ಅರ್ಥದಲ್ಲಿ ಚುಚ್ಚಿದ್ರು. 2012ರ ಜನವರಿಯಲ್ಲಿ ಬ್ರಿಟನ್ನಿನ ವಿಜ್ಞಾನಿಗಳ ಸಂಸ್ಥೆ ರಾಯಲ್ ಸೊಸೈಟಿಯ ವರದಿನೂ ಬಂತು, ಅದೇ ತಿಂಗಳು ಆಗಿನ ಶಿಕ್ಷಣ ಮಂತ್ರಿ ಮೈಕಲ್ ಗೋವ್ ಹಳೇ ಐಸಿಟಿ ಪಠ್ಯಕ್ರಮವನ್ನ ಕಿತ್ತುಹಾಕ್ತೀವಿ ಅಂತ ಘೋಷಿಸಿದ್ರು. 2014ರ ಸೆಪ್ಟೆಂಬರ್‌ನಿಂದ ಕಂಪ್ಯೂಟಿಂಗ್ ಅನ್ನೋ ಹೊಸ ವಿಷಯ ಶುರುವಾಯ್ತು, 5 ವರ್ಷದ ಮಗುವಿನಿಂದಲೇ. ಅಲ್ಗಾರಿದಮ್ (ಒಂದು ಕೆಲಸದ ಹಂತಹಂತದ ಸೂಚನೆ) ಅಂದ್ರೇನು, ಒಂದು ಚಿಕ್ಕ ಪ್ರೋಗ್ರಾಮಲ್ಲಿ ತಪ್ಪು ಹುಡುಕೋದು ಹೇಗೆ ಅನ್ನೋದು ಒಂದನೇ ಎರಡನೇ ಕ್ಲಾಸಿನ ಗುರಿಗಳಾದ್ವು. ಇಡೀ ಪ್ರಪಂಚ ಇದನ್ನ ಬೆರಗಾಗಿ ನೋಡ್ತು, ಎಷ್ಟೋ ದೇಶಗಳು ಇದನ್ನೇ ಮಾದರಿ ಅಂತ ಹೇಳ್ಕೊಂಡ್ವು.

ಕಾಗದದ ಮೇಲೆ ಅದ್ಭುತ. ಆದ್ರೆ ನಿನ್ನೆವರೆಗೂ ಸ್ಪ್ರೆಡ್‌ಶೀಟ್ ಕಲಿಸ್ತಿದ್ದ ಟೀಚರ್ ಇವತ್ತಿಂದ ಬೈನರಿ, ಲೂಪು, ಡೇಟಾ ಸ್ಟ್ರಕ್ಚರ್ ಕಲಿಸಬೇಕು ಅಂದ್ರೆ ಎಲ್ಲಿಂದ ಬರುತ್ತೆ? 2017ರಲ್ಲಿ ರಾಯಲ್ ಸೊಸೈಟಿ ಮತ್ತೆ ಪರಿಶೀಲನೆ ಮಾಡಿದಾಗ ಪರಿಸ್ಥಿತಿ ಒಂದು ಕಡೆ ಇದ್ರೆ ಇನ್ನೊಂದು ಕಡೆ ಇಲ್ಲ ಅನ್ನೋ ಹಾಗಿದೆ, ಯಾವಾಗ ಬೇಕಾದ್ರೂ ಕುಸೀಬಹುದು ಅನ್ನೋ ಧಾಟಿಯಲ್ಲೇ ಬರೀತು, 54% ಶಾಲೆಗಳು 16ನೇ ವಯಸ್ಸಿನ ಪರೀಕ್ಷೆಗೆ ಕಂಪ್ಯೂಟರ್ ಸೈನ್ಸ್ ವಿಷಯವನ್ನೇ ಕೊಡ್ತಿರಲಿಲ್ಲ. ಪರೀಕ್ಷೆಗೆ ಕೂತವರಲ್ಲಿ ಹುಡುಗಿಯರು ಐದರಲ್ಲಿ ಒಬ್ಬರು ಮಾತ್ರ. ಇದಾದ ಮೇಲೆ 2018ರಲ್ಲಿ ಸರ್ಕಾರ 8 ಕೋಟಿ 40 ಲಕ್ಷ ಪೌಂಡ್ ಇಟ್ಟು ಟೀಚರ್‌ಗಳ ತರಬೇತಿಗೆ ಅಂತ ಒಂದು ರಾಷ್ಟ್ರೀಯ ಕೇಂದ್ರ ಮಾಡ್ತು, ಅಂದ್ರೆ ಪಠ್ಯಕ್ರಮ ಬಂದು ನಾಲ್ಕು ವರ್ಷ ಆದ್ಮೇಲೆ. ಕ್ರಮ ಉಲ್ಟಾ ಆಗಿತ್ತು.

ಈ ಕಥೆಯಲ್ಲಿ ಜನ ಗಮನಿಸದೇ ಬಿಡೋ ಭಾಗ ಅಂದ್ರೆ ತೆಗೆದುಹಾಕಿದ ಐಸಿಟಿ. ಅದು ಬೋರಿಂಗ್ ಆಗಿತ್ತು ನಿಜ, ಆದ್ರೆ ಅದನ್ನ ಆರಿಸ್ಕೊಳ್ತಿದ್ದ ಮಕ್ಕಳು ಬೇರೆ ಥರದವರು, ಅದರಲ್ಲಿ ಹುಡುಗಿಯರ ಸಂಖ್ಯೆ ತುಂಬಾ ಹೆಚ್ಚಿತ್ತು. ಆ ಪರೀಕ್ಷೆನ ನಿಲ್ಲಿಸಿದಾಗ ಅವರೆಲ್ಲ ಕಂಪ್ಯೂಟರ್ ಸೈನ್ಸ್‌ಗೆ ಬರ್ತಾರೆ ಅಂತ ಯೋಜನೆ ಮಾಡಿದೋರು ಅಂದ್ಕೊಂಡಿದ್ರೋ ಏನೋ, ಬರಲಿಲ್ಲ, ಕಂಪ್ಯೂಟರ್‌ಗೆ ಸಂಬಂಧಪಟ್ಟ ವಿಷಯಗಳಿಂದಲೇ ದೂರ ಹೋದ್ರು. ಫೈಲ್ ಎಲ್ಲಿ ಸೇವ್ ಆಗುತ್ತೆ, ಡೇಟಾವನ್ನ ಟೇಬಲ್ಲಲ್ಲಿ ಹೇಗೆ ಜೋಡಿಸಬೇಕು, ಒಂದು ಚಾರ್ಟ್ ಸುಳ್ಳು ಹೇಳ್ತಿದ್ರೆ ಕಂಡುಹಿಡಿಯೋದು ಹೇಗೆ ಅನ್ನೋ ದಿನನಿತ್ಯಕ್ಕೆ ಬೇಕಾದ ಕೆಲಸಗಳು ಮೂಲೆಗುಂಪಾದ್ವು. ಫೋನಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಇದೆಲ್ಲ ತಾನಾಗೇ ಬರುತ್ತೆ ಅನ್ನೋ ನಂಬಿಕೆ ಒಂದಿದೆಯಲ್ಲ, ಅದೊಂದು ದೊಡ್ಡ ಭ್ರಮೆ, ಸ್ಕ್ರಾಲ್ ಮಾಡೋಕೆ ಬರೋದು ಬೇರೆ, ಕಂಪ್ಯೂಟರ್‌ನಿಂದ ಕೆಲಸ ತೆಗೆಯೋದು ಬೇರೆ.

ಜಪಾನ್ ಇದನ್ನ ಬೇರೆ ರೀತಿ ಮಾಡ್ತು. 2020ರಿಂದ ಪ್ರಾಥಮಿಕ ಶಾಲೆಯಲ್ಲಿ ಪ್ರೋಗ್ರಾಮಿಂಗ್ ಕಡ್ಡಾಯ, ಆದ್ರೆ ಅದಕ್ಕೆ ಪ್ರತ್ಯೇಕ ಪೀರಿಯಡ್ ಇಲ್ಲ. ಐದನೇ ಕ್ಲಾಸಿನ ಗಣಿತದಲ್ಲಿ ಸಮಬಹುಭುಜ ಬರೆಯೋ ಪಾಠ ಇದೆಯಲ್ಲ, ಅದನ್ನೇ ಪ್ರೋಗ್ರಾಮ್ ಮೂಲಕ ಮಾಡ್ಸೋದು, ಆರನೇ ಕ್ಲಾಸಿನ ವಿಜ್ಞಾನದಲ್ಲಿ ವಿದ್ಯುತ್ ಪಾಠಕ್ಕೆ ಸೆನ್ಸರ್ ಜೋಡಿಸಿ ದೀಪ ತಾನಾಗೇ ಆರೋ ಹಾಗೆ ಮಾಡ್ಸೋದು. ಇದರಲ್ಲಿ ಒಂದು ಜಾಣತನ ಇದೆ, ಹೊಸ ವಿಷಯ ಸೇರಿಸದೇ ಇರೋದ್ರಿಂದ ಹಳೇದನ್ನ ತೆಗೆಯೋ ಪ್ರಶ್ನೆನೇ ಬರಲ್ಲ. ಒಂದು ತೊಂದರೆನೂ ಇದೆ, ಬೇರೆ ವಿಷಯದೊಳಗೆ ಬೆರೆಸಿದ್ದನ್ನ ಟೀಚರ್ ಬಿಟ್ಟುಬಿಟ್ರೂ ಯಾರಿಗೂ ಗೊತ್ತಾಗಲ್ಲ. ಅದಕ್ಕೋ ಏನೋ ಹೈಸ್ಕೂಲ್ ಮಟ್ಟದಲ್ಲಿ ಅವರು ಗಟ್ಟಿಯಾಗಿ ನಿಂತ್ರು, 2022ರಿಂದ ಪ್ರೋಗ್ರಾಮಿಂಗ್, ಡೇಟಾ ಇವನ್ನೆಲ್ಲ ಕಲಿಸೋ ಮಾಹಿತಿ ಅನ್ನೋ ವಿಷಯ ಎಲ್ಲರಿಗೂ ಕಡ್ಡಾಯ ಆಯ್ತು, 2025ರ ಜನವರಿಯಲ್ಲಿ ನಡೆದ ವಿಶ್ವವಿದ್ಯಾಲಯ ಪ್ರವೇಶದ ಸಾಮಾನ್ಯ ಪರೀಕ್ಷೆಗೆ ಅದೇ ವಿಷಯದ ಪ್ರಶ್ನೆಪತ್ರಿಕೆ ಮೊದಲ ಸಲ ಬಂತು. ನನ್ನ ಮಟ್ಟಿಗೆ ಈ ಕೊನೇ ಹೆಜ್ಜೆನೇ ಮುಖ್ಯ. ಪಠ್ಯಕ್ರಮದಲ್ಲಿ ಏನು ಬೇಕಾದ್ರೂ ಬರೀಬಹುದು, ಸೃಜನಶೀಲತೆ, ವಿಮರ್ಶಾತ್ಮಕ ಚಿಂತನೆ, ಸಹಯೋಗ, ಎಲ್ಲ ಒಳ್ಳೊಳ್ಳೆ ಪದಗಳೇ, ಆದ್ರೆ ಪರೀಕ್ಷೆಯಲ್ಲಿ ಬರದೇ ಇರೋದನ್ನ ಕಾಟಾಚಾರಕ್ಕೆ ಕಲಿಸ್ತಾರೆ, ಮಕ್ಕಳಿಗೂ ಅದು ಗೊತ್ತಿರುತ್ತೆ, ಅಪ್ಪ ಅಮ್ಮಂದಿರಿಗಂತೂ ಇನ್ನೂ ಚೆನ್ನಾಗಿ ಗೊತ್ತಿರುತ್ತೆ.

ಫಿನ್ಲೆಂಡ್ 2016ರಲ್ಲಿ ಜಾರಿ ಮಾಡಿದ ಪಠ್ಯಕ್ರಮದಲ್ಲಿ ಪ್ರೋಗ್ರಾಮಿಂಗನ್ನ ಗಣಿತ ಮತ್ತು ಕರಕುಶಲ ವಿಷಯದೊಳಗೆ ಸೇರಿಸ್ತು, ಜೊತೆಗೆ ಕರ್ಸಿವ್, ಅಂದ್ರೆ ಅಕ್ಷರಗಳನ್ನ ಒಂದಕ್ಕೊಂದು ಕೂಡಿಸಿ ಬರೆಯೋದು, ಕಡ್ಡಾಯ ಅಲ್ಲ ಅಂತ ಬಿಟ್ಟಿತು. ನೋಡಿ, ಇಲ್ಲಿ ಏನು ಹೊರಗೆ ಹೋಯ್ತು ಅನ್ನೋದು ಸ್ಪಷ್ಟವಾಗಿದೆ, ಅಷ್ಟರ ಮಟ್ಟಿಗೆ ಪ್ರಾಮಾಣಿಕ. ಅಮೆರಿಕದಲ್ಲೂ ಬಹಳಷ್ಟು ರಾಜ್ಯಗಳು ಒಪ್ಕೊಂಡ 2010ರ ಕಾಮನ್ ಕೋರ್ ಅನ್ನೋ ಶಾಲಾ ಕಲಿಕೆಯ ಮಾನದಂಡಗಳಲ್ಲಿ ಕರ್ಸಿವ್ ಬರವಣಿಗೆ ಕೈಬಿಟ್ರು, ಆಮೇಲೆ ಒಂದೊಂದೇ ರಾಜ್ಯ ಅದನ್ನ ವಾಪಸ್ ತಂತು, ಕ್ಯಾಲಿಫೋರ್ನಿಯಾದಲ್ಲಿ 2024ರಿಂದ 1ರಿಂದ 6ನೇ ಕ್ಲಾಸಿನವರೆಗೆ ಮತ್ತೆ ಕಡ್ಡಾಯ. ತೆಗೆದಿದ್ದನ್ನ ಮತ್ತೆ ತರೋಕೆ ಎಷ್ಟು ವರ್ಷ ಬೇಕಾಯ್ತು ಲೆಕ್ಕ ಹಾಕಿ.

ಇನ್ನು ಕೋಡಿಂಗ್ ವಿಷಯಕ್ಕೆ ಬರೋಣ. ಭಾರತದ 2020ರ ರಾಷ್ಟ್ರೀಯ ಶಿಕ್ಷಣ ನೀತಿನೂ ಸೇರಿ ಎಷ್ಟೋ ದೇಶಗಳ ನೀತಿಗಳಲ್ಲಿ ಮಧ್ಯಮ ಹಂತದಿಂದ ಕೋಡಿಂಗ್ ಅಂತ ಬರೆದಿದೆ. ಅದಕ್ಕೆ ಕೊಡೋ ಸಮರ್ಥನೆ ಎರಡು. ಒಂದು, ಕೆಲಸ ಸಿಗುತ್ತೆ. ಆರನೇ ಕ್ಲಾಸಿನ ಮಗು ಕೆಲಸಕ್ಕೆ ಹೋಗೋ ಹೊತ್ತಿಗೆ ಪ್ರಪಂಚ ಎಲ್ಲಿರುತ್ತೋ ಯಾರಿಗೆ ಗೊತ್ತು, ಈಗಾಗ್ಲೇ ಸಣ್ಣಪುಟ್ಟ ಕೋಡನ್ನ ಎಐ ಬರೆದುಕೊಡ್ತಿದೆ, ಹಾಗಾಗಿ ಈ ಸಮರ್ಥನೆ ನಂಗೆ ಒಪ್ಪಿಗೆ ಆಗಲ್ಲ. ಇನ್ನೊಂದು, ಕೋಡಿಂಗ್ ಕಲಿತ್ರೆ ಯೋಚನೆ ಮಾಡೋ ಕ್ರಮವೇ ಬದಲಾಗುತ್ತೆ ಅನ್ನೋದು. ಇದು ಹಳೇ ಆಸೆ. 1967ರಲ್ಲಿ ಗಣಿತಜ್ಞ ಸೀಮೋರ್ ಪ್ಯಾಪರ್ಟ್ ಮತ್ತವರ ಜೊತೆಗಾರರು ಮಕ್ಕಳಿಗೆ ಅಂತ ಲೋಗೋ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಮಾಡಿದ್ರು, ಸ್ಕ್ರೀನ್ ಮೇಲೆ ಆಮೆನ ಓಡಾಡಿಸ್ತಾ ರೇಖಾಗಣಿತ ಕಲಿಯೋದು. ಅದರ ಹಿಂದಿನ ಯೋಚನೆ ಸುಂದರವಾಗಿತ್ತು, ಮಗು ಕಂಪ್ಯೂಟರ್‌ಗೆ ಕಲಿಸ್ತಾ ತಾನು ಕಲಿಯುತ್ತೆ ಅನ್ನೋದು. ಆದ್ರೆ 1984ರಲ್ಲಿ ರಾಯ್ ಪೀ ಮತ್ತು ಮಿಡಿಯನ್ ಕರ್ಲೆಂಡ್ ಅನ್ನೋ ಸಂಶೋಧಕರು ಒಂದು ವರ್ಷ ಲೋಗೋ ಕಲಿತ ಮಕ್ಕಳನ್ನ ಪರೀಕ್ಷೆ ಮಾಡಿದಾಗ ಬೇರೆ ಕೆಲಸಗಳನ್ನ ಪ್ಲ್ಯಾನ್ ಮಾಡೋದ್ರಲ್ಲಿ ಅವರು ಲೋಗೋ ಕಲೀದ ಮಕ್ಕಳಿಗಿಂತ ಮುಂದೆ ಇರಲಿಲ್ಲ. ಕೋಡಿಂಗ್ ಕಲಿತ್ರೆ ಕೋಡಿಂಗ್ ಬರುತ್ತೆ, ಅದು ತಾನಾಗೇ ಗಣಿತಕ್ಕೂ ಭಾಷೆಗೂ ಹರಿದು ಹೋಗಲ್ಲ, ಹರಿಸೋಕೆ ಟೀಚರ್ ಬೇಕು. 2006ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜೆನೆಟ್ ವಿಂಗ್ ಗಣಕ ಚಿಂತನೆ (ಸಮಸ್ಯೆಗಳನ್ನ ಕಂಪ್ಯೂಟರ್ ವಿಜ್ಞಾನಿಯ ಥರ ಬಿಡಿಸಿ ಯೋಚನೆ ಮಾಡೋದು) ಅನ್ನೋ ಮಾತನ್ನ ಮತ್ತೆ ಚಾಲ್ತಿಗೆ ತಂದ ಮೇಲೆ ಅದೇ ಹಳೇ ಆಸೆ ಹೊಸ ಬಟ್ಟೆ ಹಾಕ್ಕೊಂಡು ಬಂದಿದೆ ಅನ್ಸುತ್ತೆ ನಂಗೆ. ಕೋಡಿಂಗ್ ಬೇಡ ಅಂತ ನಾನು ಹೇಳ್ತಿಲ್ಲ, ನಮ್ಮ ಸುತ್ತ ಇರೋ ಯಂತ್ರಗಳು ಹೇಗೆ ನಿರ್ಧಾರ ತಗೊಳ್ತಾವೆ ಅಂತ ಗೊತ್ತಿರಬೇಕು ಅನ್ನೋದಕ್ಕಾದ್ರೂ ಅದು ಬೇಕು, ಆದ್ರೆ ಅದರ ಹೆಸರಲ್ಲಿ ಕೊಡೋ ಭರವಸೆಗಳು ಸ್ವಲ್ಪ ಜಾಸ್ತಿ ಆದ್ವು.

ಈಗ ನಿಜವಾದ ಜಗಳಕ್ಕೆ ಬರ್ತೀನಿ. ಎಲ್ಲ ಗೂಗಲ್‌ನಲ್ಲಿ ಸಿಗುತ್ತೆ, ಇನ್ನು ಇಸವಿಗಳು, ರಾಜಧಾನಿಗಳು, ಮಗ್ಗಿ, ಸೂತ್ರ ಇದನ್ನೆಲ್ಲ ಯಾಕೆ ಬಾಯಿಪಾಠ ಮಾಡ್ಬೇಕು, ಸಿಲಬಸ್‌ನಿಂದ ಮಾಹಿತಿ ತೆಗೆದು ಸ್ಕಿಲ್ ಸೇರಿಸಿ ಅನ್ನೋ ವಾದ. ಇದು ಕೇಳೋಕೆ ಎಷ್ಟು ಸರಿ ಅನ್ಸುತ್ತೆ ಅಂದ್ರೆ ಇದನ್ನ ಪ್ರಶ್ನೆ ಮಾಡೋರು ಹಳೇ ಕಾಲದ ಗಿಳಿಪಾಠದ ಪಕ್ಷಪಾತಿಗಳು ಅನ್ನೋ ಹಾಗಾಗಿದೆ. ಗಿಳಿಪಾಠ ಯಾರಿಗೂ ಬೇಡ ಬಿಡಿ. ಆದ್ರೆ ಹುಡುಕೋಕೂ ಏನೋ ಒಂದಿಷ್ಟು ಗೊತ್ತಿರಬೇಕಲ್ಲ? ಯಾವ ಪದ ಹಾಕಿ ಹುಡುಕಬೇಕು, ಬಂದ ಹತ್ತು ಉತ್ತರದಲ್ಲಿ ಯಾವುದು ಅಸಂಬದ್ಧ ಅಂತ ಗೊತ್ತಾಗೋದು ತಲೆಯೊಳಗೆ ಈಗಾಗ್ಲೇ ಇರೋ ತಿಳುವಳಿಕೆಯಿಂದ. ಕ್ಯಾಲ್ಕುಲೇಟರ್ ಬಂದಾಗ್ಲೂ ಇದೇ ಚರ್ಚೆ ಆಗಿತ್ತು, 1980ರಲ್ಲಿ ಅಮೆರಿಕದ ಗಣಿತ ಶಿಕ್ಷಕರ ರಾಷ್ಟ್ರೀಯ ಮಂಡಳಿ ಎಲ್ಲ ತರಗತಿಗಳಲ್ಲೂ ಕ್ಯಾಲ್ಕುಲೇಟರ್ ಬಳಸಿ ಅಂತ ಶಿಫಾರಸು ಮಾಡ್ತು. ಆದ್ರೂ ಕೂಡೋದು ಕಳೆಯೋದು ಎಲ್ಲೂ ಸಿಲಬಸ್‌ನಿಂದ ಹೊರಗೆ ಹೋಗಲಿಲ್ಲ, ಯಾಕಂದ್ರೆ ಒಂದು ಸೊನ್ನೆ ಜಾಸ್ತಿ ಒತ್ತಿದ್ರೆ ಬಂದ ಉತ್ತರ ತಪ್ಪು ಅಂತ ಹೊಳೀಬೇಕು ಅಂದ್ರೆ ಅಂದಾಜು ಲೆಕ್ಕ ತಲೆಯಲ್ಲಿ ಇರಬೇಕು. ನಿಜವಾಗಿ ಹೊರಗೆ ಹೋಗಿದ್ದು ಲಾಗರಿದಮ್ ಟೇಬಲ್ ನೋಡೋ ಅಭ್ಯಾಸ, ಕೈಯಲ್ಲಿ ವರ್ಗಮೂಲ ತೆಗೆಯೋ ವಿಧಾನ ಇಂಥವು, ಅವು ಹೋಗಿದ್ದಕ್ಕೆ ಹೆಚ್ಚಿಗೆ ಯಾರೂ ಅಳಲಿಲ್ಲ. ತೆಗೆಯೋದ್ರಲ್ಲೂ ಒಂದು ವಿವೇಕ ಇರುತ್ತೆ ಅನ್ನೋದಕ್ಕೆ ಇದು ಒಳ್ಳೇ ಉದಾಹರಣೆ.

ಇದಕ್ಕೆ ಸಂಬಂಧಪಟ್ಟ ಒಂದು ಅಧ್ಯಯನ ನಂಗೆ ತುಂಬಾ ಇಷ್ಟ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ 3,446 ಹೈಸ್ಕೂಲ್ ಮಕ್ಕಳಿಗೆ ಇಂಟರ್ನೆಟ್ ಕನೆಕ್ಷನ್ ಇರೋ ಕಂಪ್ಯೂಟರನ್ನೇ ಕೊಟ್ಟು ಒಂದು ವಿಡಿಯೋ ತೋರಿಸಿದ್ರು, ಅಮೆರಿಕದ ಚುನಾವಣೆಯಲ್ಲಿ ಮತಪೆಟ್ಟಿಗೆಗೆ ಕಳ್ಳವೋಟು ತುರುಕ್ತಿದ್ದಾರೆ ಅನ್ನೋ ವಿಡಿಯೋ. ಅಸಲಿಗೆ ಅದು ರಷ್ಯಾದ್ದು. ಬೇಕಾದಷ್ಟು ಹುಡುಕಬಹುದಿತ್ತು. 52% ಮಕ್ಕಳು ಇದು ಗಟ್ಟಿ ಸಾಕ್ಷಿ ಅಂತ ನಂಬಿದ್ರು, ವಿಡಿಯೋದ ಮೂಲ ಎಲ್ಲಿಯದು ಅಂತ ಪತ್ತೆ ಹಚ್ಚಿದವರು ಇಡೀ ಗುಂಪಲ್ಲಿ ಮೂರೇ ಮೂರು ಜನ. ಇದೇ ಸ್ಟ್ಯಾನ್‌ಫರ್ಡಿನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ 2017ರಲ್ಲಿ ಇನ್ನೊಂದು ಪ್ರಯೋಗ ಮಾಡಿದ್ರು, ಪಿಎಚ್‌ಡಿ ಮಾಡಿದ ಇತಿಹಾಸಕಾರರು, ಆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ವೃತ್ತಿಪರ ಫ್ಯಾಕ್ಟ್ ಚೆಕ್ ಮಾಡೋರು, ಈ ಮೂರು ಗುಂಪಿಗೂ ಕೆಲವು ವೆಬ್‌ಸೈಟ್ ಕೊಟ್ಟು ಯಾವುದನ್ನ ನಂಬಬಹುದು ಹೇಳಿ ಅಂದ್ರು. ಇತಿಹಾಸಕಾರರೂ ವಿದ್ಯಾರ್ಥಿಗಳೂ ಆ ಪೇಜನ್ನೇ ಮೇಲಿಂದ ಕೆಳಗೆ ಗಮನ ಇಟ್ಟು ಓದ್ತಾ ಕೂತ್ರು, ಸಂಸ್ಥೆಯ ಲಾಂಛನ ಚೆನ್ನಾಗಿದೆಯಾ, ಭಾಷೆ ಗಂಭೀರವಾಗಿದೆಯಾ ಅಂತ ನೋಡಿದ್ರು, ಎಷ್ಟೋ ಜನ ಮೋಸ ಹೋದ್ರು. ಫ್ಯಾಕ್ಟ್ ಚೆಕ್ ಮಾಡೋರು ಮಾತ್ರ ಸ್ವಲ್ಪ ಹೊತ್ತಲ್ಲೇ ಆ ಪೇಜ್ ಬಿಟ್ಟು ಹೊಸ ಟ್ಯಾಬ್‌ಗಳನ್ನ ತೆಗೆದು ಈ ಸಂಸ್ಥೆ ಬಗ್ಗೆ ಬೇರೆಯವರು ಏನಂತಾರೆ ಅಂತ ನೋಡಿ ಬೇಗ ಸರಿ ಉತ್ತರಕ್ಕೆ ಬಂದ್ರು.

ಇದರ ಅರ್ಥ ಏನು ನೋಡಿ, ಶಾಲೆ ನೂರಾರು ವರ್ಷದಿಂದ ಹೊಗಳ್ತಾ ಬಂದ ಗಮನವಿಟ್ಟು ಪೂರ್ತಿ ಓದು ಅನ್ನೋ ಅಭ್ಯಾಸ ವೆಬ್ ಮೇಲೆ ಕೆಲವೊಮ್ಮೆ ತಪ್ಪು ಅಭ್ಯಾಸ ಆಗುತ್ತೆ. ಪಠ್ಯಪುಸ್ತಕ ಕೊಡುವಾಗ ಅದನ್ನ ಯಾರೋ ಪರಿಶೀಲನೆ ಮಾಡಿ ಕೊಟ್ಟಿರ್ತಾರೆ, ಅಲ್ಲಿ ಪೂರ್ತಿ ಓದೋದೇ ಸರಿ. ವೆಬ್ಬಲ್ಲಿ ಓದಬೇಕಾ ಬೇಡ್ವಾ ಅನ್ನೋದೇ ಮೊದಲ ನಿರ್ಧಾರ. ಇದು ಡಿಜಿಟಲ್ ಕಾಲ ಪಠ್ಯಕ್ರಮದಿಂದ ಕೇಳ್ತಿರೋ ನಿಜವಾದ ಹೊಸ ಪಾಠ, ಇದಕ್ಕೆ ಲ್ಯಾಬೂ ಬೇಡ, ಹೊಸ ವಿಷಯನೂ ಬೇಡ, ಇತಿಹಾಸದ ಪೀರಿಯಡ್ಡಲ್ಲೋ ಭಾಷಾ ಪೀರಿಯಡ್ಡಲ್ಲೋ ಮಾಡಬಹುದು. ಆದ್ರೆ ಉದ್ಘಾಟನೆ ಮಾಡೋಕೆ ಏನೂ ಇಲ್ವಲ್ಲ, ಅದಕ್ಕೇ ಇದರ ಸುದ್ದಿ ಕಮ್ಮಿ. ಒಇಸಿಡಿ ಅನ್ನೋ ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟ ಬೇರೆಬೇರೆ ದೇಶಗಳ 15 ವರ್ಷದ ಮಕ್ಕಳಿಗೆ ನಡೆಸೋ ಪೀಸಾ ಪರೀಕ್ಷೆಯಲ್ಲಿ, 2018ರಲ್ಲಿ, ಸೂಕ್ಷ್ಮ ಸುಳಿವು ಹಿಡಿದು ಸಂಗತಿ ಯಾವುದು ಅಭಿಪ್ರಾಯ ಯಾವುದು ಅಂತ ಬೇರ್ಪಡಿಸೋ ಮಟ್ಟಕ್ಕೆ ತಲುಪಿದ ಮಕ್ಕಳು ಒಇಸಿಡಿ ದೇಶಗಳಲ್ಲಿ ಹತ್ತರಲ್ಲಿ ಒಬ್ಬರಿಗಿಂತ ಕಮ್ಮಿ.

ಇಷ್ಟರಲ್ಲಿ ಎಐ ಬಂತು. 2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಿಡುಗಡೆ ಆಯ್ತು, 2023ರ ಜನವರಿಯಲ್ಲಿ ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳು ಅದನ್ನ ಬ್ಲಾಕ್ ಮಾಡಿದ್ವು, ಮೇ ತಿಂಗಳಿಗೆಲ್ಲ ನಿಷೇಧ ವಾಪಸ್ ತಗೊಂಡ್ವು. ಎಐ ಬರೆದಿದ್ದನ್ನ ಕಂಡುಹಿಡೀತೀವಿ ಅಂತ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ ತಾನೇ ಒಂದು ಟೂಲ್ ಬಿಟ್ಟಿತ್ತು, ಅದರ ನಿಖರತೆ ಕಮ್ಮಿ ಅಂತ ಅದೇ ವರ್ಷ ಜುಲೈನಲ್ಲಿ ಸದ್ದಿಲ್ಲದೇ ತೆಗೀತು. ಆಮೇಲೆ ಓಟ ಶುರು. ಕೇರಳ 2024ರಲ್ಲಿ ಏಳನೇ ಕ್ಲಾಸಿನ ಐಸಿಟಿ ಪುಸ್ತಕಕ್ಕೆ ಎಐ ಸೇರಿಸ್ತು, ಬೀಜಿಂಗ್ ನಗರ 2025ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ ಕನಿಷ್ಠ 8 ಗಂಟೆ ಎಐ ಪಾಠ ಕಡ್ಡಾಯ ಮಾಡ್ತು, ಎಸ್ಟೋನಿಯಾ ಅದೇ ತಿಂಗಳು 10 ಮತ್ತು 11ನೇ ತರಗತಿಯ ಸುಮಾರು 20,000 ಮಕ್ಕಳಿಗೆ ಎಐ ಟೂಲ್‌ಗಳನ್ನ ಕೊಡೋ ಕಾರ್ಯಕ್ರಮ ಶುರು ಮಾಡ್ತು.

ಎಐ ಬಗ್ಗೆ ಕಲಿಯೋದು, ಎಐ ಇಟ್ಕೊಂಡು ಕಲಿಯೋದು, ಈ ಎರಡನ್ನ ಎಲ್ಲರೂ ಕಲಸುಮೇಲೋಗರ ಮಾಡ್ತಾರೆ. ಮೊದಲನೇದು ವಿಷಯ, ಎರಡನೇದು ವಿಧಾನ. ವಿಧಾನದ ಬಗ್ಗೆ ಟರ್ಕಿಯ ಒಂದು ಹೈಸ್ಕೂಲಲ್ಲಿ ಸುಮಾರು ಸಾವಿರ ಮಕ್ಕಳ ಮೇಲೆ ಒಂದು ಪ್ರಯೋಗ ಆಯ್ತು, ಗಣಿತದಲ್ಲಿ. ಒಂದು ಗುಂಪಿಗೆ ಪುಸ್ತಕ ಮಾತ್ರ, ಒಂದು ಗುಂಪಿಗೆ ಮಾಮೂಲಿ ಚಾಟ್‌ಜಿಪಿಟಿ ಥರದ್ದು, ಇನ್ನೊಂದು ಗುಂಪಿಗೆ ಉತ್ತರ ನೇರ ಕೊಡದೇ ಸುಳಿವು ಮಾತ್ರ ಕೊಡೋ ಹಾಗೆ ಟೀಚರ್‌ಗಳ ಸಹಾಯದಿಂದ ಸಿದ್ಧ ಮಾಡಿದ್ದು. ಅಭ್ಯಾಸ ಮಾಡುವಾಗ ಎಐ ಇದ್ದವರು ಜೋರಾಗಿ ಮುಂದಿದ್ರು, ಮಾಮೂಲಿ ಎಐ ಗುಂಪು 48% ಹೆಚ್ಚು, ಸುಳಿವಿನ ಎಐ ಗುಂಪು 127% ಹೆಚ್ಚು. ಆಮೇಲೆ ಎಐ ಕಿತ್ಕೊಂಡು ಪರೀಕ್ಷೆ ಕೊಟ್ರೆ ಮಾಮೂಲಿ ಎಐ ಬಳಸಿದವರು ಪುಸ್ತಕದಲ್ಲಿ ಓದಿದವರಿಗಿಂತ 17% ಹಿಂದೆ ಬಿದ್ರು, ಸುಳಿವಿನ ಗುಂಪು ಹೆಚ್ಚುಕಮ್ಮಿ ಪುಸ್ತಕದವರ ಸಮಕ್ಕೇ ಇತ್ತು. ಇನ್ನೂ ವಿಚಿತ್ರ ಅಂದ್ರೆ ಹಿಂದೆ ಬಿದ್ದವರಿಗೆ ತಾವು ಹಿಂದೆ ಬಿದ್ದಿದೀವಿ ಅಂತ ಅನ್ನಿಸಿರಲೇ ಇಲ್ಲ. ಕಷ್ಟಪಡೋ ಭಾಗವನ್ನ ಯಂತ್ರಕ್ಕೆ ಕೊಟ್ರೆ ಕಲಿಯೋ ಭಾಗನೂ ಅದರ ಜೊತೆಗೇ ಹೋಗುತ್ತೆ, ಕೈಗೆ ಬರೋದು ಉತ್ತರ ಮಾತ್ರ.

ಮನೆಯಿಂದ ಬರ್ಕೊಂಡು ಬರೋ ಪ್ರಬಂಧ, ಪ್ರಾಜೆಕ್ಟ್ ರಿಪೋರ್ಟ್, ಅಸೈನ್‌ಮೆಂಟ್ ಇವುಗಳ ಕಥೆ ಈಗ ಅಡಕತ್ತರಿಯಲ್ಲಿ ಸಿಕ್ಕ ಹಾಗಾಗಿದೆ. ಬಾಯಿಪಾಠದ ಪರೀಕ್ಷೆಗೆ ಪರ್ಯಾಯ ಅಂತ ಎಷ್ಟೋ ವರ್ಷ ಹೋರಾಡಿ ತಂದಿದ್ದು ಈ ಪ್ರಾಜೆಕ್ಟ್ ಪದ್ಧತಿಯನ್ನ, ಈಗ ಅದನ್ನೇ ನಂಬೋಕಾಗಲ್ಲ, ಹಾಗಂತ ಎಲ್ಲರೂ ವಾಪಸ್ ಮೂರು ಗಂಟೆಯ ಕೈಬರಹದ ಪರೀಕ್ಷೆಗೆ ಹೋಗಿಬಿಟ್ರೆ ಇಷ್ಟು ವರ್ಷದ ಸುಧಾರಣೆ ನೀರಲ್ಲಿ ಹೋಮ ಮಾಡಿದ ಹಾಗೆ. ಮಧ್ಯದ ದಾರಿಗಳಿವೆ, ಬರೆದಿದ್ದನ್ನ ಬಾಯಲ್ಲಿ ಕೇಳೋದು, ಕರಡು ಪ್ರತಿಗಳನ್ನೂ ನೋಡೋದು, ಕ್ಲಾಸಲ್ಲೇ ಕೂರಿಸಿ ಬರೆಸೋದು, ಎಐ ಕೊಟ್ಟ ಉತ್ತರದಲ್ಲಿ ತಪ್ಪು ಹುಡುಕಿ ಅಂತ ಕೇಳೋದು. ಇವೆಲ್ಲಕ್ಕೂ ಬೇಕಾಗಿರೋದು ಟೀಚರ್‌ನ ಸಮಯ, ಒಂದು ಕ್ಲಾಸಲ್ಲಿ ಐವತ್ತು ಅರವತ್ತು ಮಕ್ಕಳಿದ್ರೆ ಒಬ್ಬೊಬ್ಬರನ್ನೂ ಕೂರಿಸಿ ಮಾತಾಡಿಸೋದು ಆಗದ ಮಾತು.

ಯಂತ್ರ ಕೊಡೋದನ್ನೇ ಪಠ್ಯಕ್ರಮ ಬದಲಾವಣೆ ಅಂದ್ಕೊಳ್ಳೋದ್ರ ಬಗ್ಗೆ ಜಾಸ್ತಿ ಹೇಳಲ್ಲ, ಅದರ ಫಲಿತಾಂಶ ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ ಥರ. ಪೆರು ದೇಶ ಮಗುವಿಗೊಂದು ಲ್ಯಾಪ್‌ಟಾಪ್ ಅಂತ ಲಕ್ಷಗಟ್ಟಲೆ ಹಂಚಿತು, 319 ಶಾಲೆಗಳ ಮೇಲೆ ಮಾಡಿದ ಅಧ್ಯಯನ 2012ರಲ್ಲಿ ಬಂತು, ಗಣಿತದಲ್ಲೂ ಭಾಷೆಯಲ್ಲೂ ಲಾಭ ಕಾಣಲಿಲ್ಲ. ಪೀಸಾ 2022ರಲ್ಲಿ ಗಣಿತದ ಕೆಲವು ಕ್ಲಾಸಲ್ಲಾದ್ರೂ ಡಿವೈಸ್‌ಗಳಿಂದ ಗಮನ ತಪ್ಪುತ್ತೆ ಅಂತ 65% ಮಕ್ಕಳು ತಾವೇ ಒಪ್ಕೊಂಡ್ರು. ಸ್ವೀಡನ್ 2023ರಲ್ಲಿ ಪ್ರಿಂಟ್ ಪುಸ್ತಕಕ್ಕೆ ಅಂತ 68 ಕೋಟಿ 50 ಲಕ್ಷ ಕ್ರೋನರ್ ಇಟ್ಟು ವಾಪಸ್ ತಿರುಗ್ತು. ದಕ್ಷಿಣ ಕೊರಿಯಾದ್ದು ಇನ್ನೂ ಬೇಗ, 2025ರ ಮಾರ್ಚಲ್ಲಿ ಗಣಿತ, ಇಂಗ್ಲಿಷ್, ಮಾಹಿತಿ ವಿಷಯಗಳಿಗೆ ಎಐ ಡಿಜಿಟಲ್ ಪಠ್ಯಪುಸ್ತಕ ತಂದ್ರು, ಆಗಸ್ಟಲ್ಲಿ ಅಲ್ಲಿನ ಸಂಸತ್ತು ಕಾನೂನು ತಿದ್ದಿ ಇವು ಪಠ್ಯಪುಸ್ತಕ ಅಲ್ಲ, ಬರೀ ಪೂರಕ ಸಾಮಗ್ರಿ ಅಂತ ಇಳಿಸಿಬಿಡ್ತು. ಅಪ್ಪ ಅಮ್ಮಂದಿರಿಗೆ ಮಕ್ಕಳ ಸ್ಕ್ರೀನ್ ಟೈಮ್ ಭಯ, ಟೀಚರ್‌ಗಳಿಗೆ ತಯಾರಿ ಇಲ್ಲ. ಹಾಗಂತ ಸ್ಕ್ರೀನ್ ಅಂದ್ರೆ ಕೆಟ್ಟದ್ದು ಅಂತಲೂ ಅಲ್ಲ, ಅದೇ ಪೀಸಾ 2022ರಲ್ಲಿ ದಿನಕ್ಕೆ ಒಂದು ಗಂಟೆವರೆಗೆ ಕಲಿಯೋಕೆ ಅಂತ ಡಿವೈಸ್ ಬಳಸಿದ ಮಕ್ಕಳು ಬಳಸದೇ ಇದ್ದವರಿಗಿಂತ ಮುಂದಿದ್ರು.

ಇನ್ನು ಕನೆಕ್ಷನ್ನೇ ಇಲ್ಲದ ಮಕ್ಕಳ ಮಾತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಕನಿಷ್ಠ 46 ಕೋಟಿ 30 ಲಕ್ಷ ಮಕ್ಕಳಿಗೆ ಆನ್‌ಲೈನು, ಟಿವಿ, ರೇಡಿಯೋ ಯಾವುದರ ಮೂಲಕವೂ ಪಾಠ ತಲುಪಿಸೋಕೆ ಆಗಲಿಲ್ಲ ಅಂತ ಯುನಿಸೆಫ್ ಅಂದಾಜು ಮಾಡಿತ್ತು. ಡಿಜಿಟಲ್ ಪಠ್ಯಕ್ರಮ ಅಂತ ಬರೆಯೋ ಸಮಿತಿಗಳು ಈ ಮಕ್ಕಳ ಬಗ್ಗೆ ಕೊನೇ ಅಧ್ಯಾಯದಲ್ಲಿ ಎರಡು ಪ್ಯಾರಾ ಹಾಕಿ ಕೈ ತೊಳ್ಕೊಳ್ತಾವೆ. ಕಂಪ್ಯೂಟರ್ ಇಲ್ಲದೇನೂ ಕಲಿಸಬಹುದಾದ ಭಾಗ ಎಷ್ಟೋ ಇದೆ, ಅಲ್ಗಾರಿದಮ್ ಅನ್ನ ಚೀಟಿ ಇಟ್ಕೊಂಡು ಕಲಿಸಬಹುದು, ಮಕ್ಕಳನ್ನೇ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ ಸಾರ್ಟಿಂಗ್ ತೋರಿಸಬಹುದು, ಒಂದೇ ಘಟನೆ ಬಗ್ಗೆ ಎರಡು ಪತ್ರಿಕೆ ಇಟ್ಟು ಯಾರು ಏನು ಬಿಟ್ಟಿದ್ದಾರೆ ಅಂತ ಹುಡುಕಿಸಬಹುದು. ಇದಕ್ಕೆ ಟೆಂಡರ್ ಕರೆಯೋ ಅಗತ್ಯ ಇಲ್ಲ, ಅದೇ ಇದರ ದುರದೃಷ್ಟ ಅಂತ ಕುಹಕಿಗಳು ಹೇಳ್ತಾರೆ, ನಾನೂ ಆ ಗುಂಪಲ್ಲೇ ಇದೀನಿ ಅಂದ್ಕೊಳ್ಳಿ.

ಮತ್ತೆ ಪರೀಕ್ಷೆಯ ಮಾತಿಗೆ ಬಂದ್ರೆ, ಪೀಸಾ 2029ರಲ್ಲಿ ಮಾಧ್ಯಮ ಮತ್ತು ಎಐ ಸಾಕ್ಷರತೆ ಅಂತ ಒಂದು ಹೊಸ ಭಾಗ ಬರ್ತಿದೆ. ಪೀಸಾ ರ‍್ಯಾಂಕಿಗೆ ತಲೆಬಿಸಿ ಮಾಡ್ಕೊಳ್ಳೋ ದೇಶಗಳು ಅದನ್ನ ನೋಡಿ ಸಿಲಬಸ್ ತಿದ್ದೋದು ಖಂಡಿತ, ಆ ತಿದ್ದುಪಡಿ ಯಾವ ವಿಷಯದ ಪೀರಿಯಡ್ ತಿನ್ನುತ್ತೆ ಅನ್ನೋದನ್ನ ಆಗ ನೋಡಬೇಕು. ಇಂಗ್ಲೆಂಡಿನಲ್ಲಿ ಆ ಲೆಕ್ಕ ಈಗಾಗ್ಲೇ ಶುರುವಾಗಿದೆ. 2025ರ ನವೆಂಬರ್‌ನಲ್ಲಿ ಬಂದ ಅಲ್ಲಿನ ಪಠ್ಯಕ್ರಮ ಪರಿಶೀಲನಾ ವರದಿ ಕಂಪ್ಯೂಟರ್ ಸೈನ್ಸ್ ಪರೀಕ್ಷೆ ತುಂಬಾ ಇಕ್ಕಟ್ಟಾಯ್ತು, ಅದರ ಬದಲು ಇನ್ನೂ ವಿಶಾಲವಾದ ಕಂಪ್ಯೂಟಿಂಗ್ ಪರೀಕ್ಷೆ ಬರಲಿ ಅಂತ ಶಿಫಾರಸು ಮಾಡಿದೆ, ಅಂದ್ರೆ 2014ರಲ್ಲಿ ಕಿತ್ತುಹಾಕಿದ್ದರ ಒಂದು ಭಾಗ ಬೇರೆ ಹೆಸರಲ್ಲಿ ಒಳಗೆ ಬರೋ ಹಾಗಿದೆ. ಪರಿಷ್ಕರಿಸಿದ ರಾಷ್ಟ್ರೀಯ ಪಠ್ಯಕ್ರಮದ ಪಾಠ ಅಲ್ಲಿ ಶುರುವಾಗೋದು 2028ರಲ್ಲಿ. ಆ ವರ್ಷ ಒಂದನೇ ಕ್ಲಾಸಿಗೆ ಸೇರೋ 5 ವರ್ಷದ ಮಗು 16ನೇ ವಯಸ್ಸಿನ ಪರೀಕ್ಷೆ ಬರೆಯೋ ಹೊತ್ತಿಗೆ 2039 ಆಗಿರುತ್ತೆ, 36 ತಿಂಗಳ ಲೆಕ್ಕದಲ್ಲಿ ಅಷ್ಟೊತ್ತಿಗೆ ಕ್ಲಾಸಿನ ಸಾಫ್ಟ್‌ವೇರ್ ಮೂರು ಸಲ ಪೂರ್ತಿ ಬದಲಾಗಿ ನಾಲ್ಕನೇ ಸಲಕ್ಕೆ ತಯಾರಾಗ್ತಿರುತ್ತೆ.